ಬಾಸೆಲ್‌ನ ರಜೆ, ಭಟ್ಟಿಯ ಭಾನುವಾರ

2025ರ ಏಪ್ರಿಲ್ 18, ಶುಕ್ರವಾರ. ಬೆಳಿಗ್ಗೆ ಒಂಬತ್ತು ಗಂಟೆಗೆ ನಾನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನ್‌ಸ್ಟ್ರಾಸೆ ಎಂಬ ಬೀದಿಯಲ್ಲಿ, 21ನೇ ನಂಬರಿನ ದೊಡ್ಡ ಕಟ್ಟಡದ ಮುಂದೆ ನಿಂತಿದ್ದೆ. ಬ್ಯಾಗಿನಲ್ಲಿ ನಾಲ್ಕು ಪೆನ್ಸಿಲ್ ಇದ್ದವು, ಪತ್ರಾಗಾರಗಳಲ್ಲಿ ಪೆನ್ನು ಬಿಡುವುದಿಲ್ಲ ಎಂದು ಗೊತ್ತಿತ್ತು. ಬಾಗಿಲು ಹಾಕಿತ್ತು. ಆ ದಿನ ಗುಡ್ ಫ್ರೈಡೇ.

ತಪ್ಪು ಪೂರ್ತಿ ನನ್ನದೇ. ವಿಶ್ವವಿದ್ಯಾಲಯದಿಂದ ಸಿಕ್ಕಿದ ಸಣ್ಣ ಅನುದಾನಕ್ಕೆ ಹೊಂದುವ ಅಗ್ಗದ ಟಿಕೆಟ್ ಕಂಡಿತು, ಕ್ಯಾಲೆಂಡರ್ ನೋಡದೆ ಕೊಂಡುಬಿಟ್ಟೆ. ಕರಾವಳಿಯಲ್ಲಿ ಬೆಳೆದವರಿಗೆ ಗುಡ್ ಫ್ರೈಡೇ ಹೊಸದಲ್ಲ, ಶಾಲೆಗೆ ರಜೆ ಇರುತ್ತಿತ್ತು. ಆದರೆ ಈಸ್ಟರಿನ ಮರುದಿನ ಸೋಮವಾರವೂ ಇಲ್ಲಿ ರಜೆ ಎಂಬುದು ವಿಮಾನದಲ್ಲಿ ಪಕ್ಕದ ಸೀಟಿನವರು ಹೇಳಿದ ಮೇಲೆ ತಿಳಿದದ್ದು. ಶುಕ್ರ, ಶನಿ, ಭಾನು, ಸೋಮ. ಹತ್ತು ದಿನದ ಪ್ರವಾಸದಲ್ಲಿ ನಾಲ್ಕು ದಿನ ಹೋಯಿತು. ಗೊತ್ತಿದ್ದೂ ಆ ಬೆಳಿಗ್ಗೆ ಬಾಗಿಲವರೆಗೆ ಹೋದೆ. ಎರಡು ವರ್ಷ ಅದರ ಫೋಟೋ ನೋಡಿದ್ದೆನಲ್ಲ, ಬಾಗಿಲಾದರೂ ಕಾಣಲಿ ಅನ್ನಿಸಿತು.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಕೋಟೇಶ್ವರದಲ್ಲಿ ಆಗ ಮಧ್ಯಾಹ್ನ.

"ಹಬ್ಬದ್ ದಿನ ಅಂಗ್ಡಿ ಬಾಗ್ಲ್ ಹಾಕ್ತ್ರಾ? ಹಾಂಗಾರೆ ಅದ್ ಎಂತಾ ಹಬ್ಬ ಮಗಾ?" ಎಂದಳು.

ಕೋಟೇಶ್ವರದವರು ಹೀಗೆ ಕೇಳುವುದು ಸಹಜ. ನಮಗೆ ಹಬ್ಬ ಎಂದರೆ ಕೊಡಿ ಹಬ್ಬ. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟಿಲಿಂಗೇಶ್ವರನ ರಥ ಎಳೆಯುತ್ತಾರೆ. ಬೆಳಗಾಗುವ ಮೊದಲೇ ಜನ ಕೋಟಿತೀರ್ಥದ ಕೆರೆಯಲ್ಲಿ ಮುಳುಗೆದ್ದು, ನಾಲ್ಕೂವರೆ ಎಕರೆಯ ಆ ಕೆರೆಯ ಸುತ್ತ ಅಕ್ಕಿ ಹಾಕುತ್ತ ಬರುತ್ತಾರೆ, ಅದಕ್ಕೆ ಸುತ್ತಕ್ಕಿ ಅನ್ನುತ್ತೇವೆ. ಹೊಸದಾಗಿ ಮದುವೆಯಾದವರು ಕಬ್ಬಿನ ಕೊಡಿ ಕೊಂಡು ಮನೆಗೆ ಒಯ್ಯುತ್ತಾರೆ. ವರ್ಷವಿಡೀ ಅಂಗಡಿಯೇ ಇಲ್ಲದ ಜಾಗದಲ್ಲೂ ಅವತ್ತು ಅಂಗಡಿ ಹುಟ್ಟಿಕೊಳ್ಳುತ್ತದೆ. ಅವತ್ತು ಬಾಗಿಲು ಹಾಕಿದ ಅಂಗಡಿಯವನಿಗೆ ಮನೆಯಲ್ಲಿ ಸೂತಕವೇ ಇರಬೇಕು.

ನಾನು ಬಾಸೆಲ್‌ಗೆ ಬಂದದ್ದೂ ಒಂದು ರಜೆಯ ದಿನವನ್ನು ಹುಡುಕಿಕೊಂಡೇ.

ನಮ್ಮ ಅಜ್ಜಯ್ಯ ಕುಂದಾಪುರದ ಹತ್ತಿರ ಹೊಳೆಬದಿಯ ಒಂದು ಹೆಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದರು. ನಾನು ಹುಟ್ಟುವ ಹೊತ್ತಿಗೆ ಆ ಕಾರ್ಖಾನೆ ನಿಂತುಹೋಗಿತ್ತು; ಚಿಮಣಿ ಮಾತ್ರ ಬಹಳ ವರ್ಷ ನಿಂತಿತ್ತು. ಬೆಳಿಗ್ಗೆ ಕಾರ್ಖಾನೆಯ ಕೂಗು ಕೇಳಿದ ಮೇಲೆ ಅಜ್ಜಿ ಒಲೆ ಹಚ್ಚುತ್ತಿದ್ದಳಂತೆ, ಮನೆಯಲ್ಲಿ ಗಡಿಯಾರ ಇರಲಿಲ್ಲ. ಭಾನುವಾರ ಕೂಗು ಇಲ್ಲ, ಕೆಲಸಕ್ಕೆ ರಜೆ. ಕೊಡಿ ಹಬ್ಬಕ್ಕೆ ಮಾತ್ರ ರಜೆ ಇಲ್ಲ. ಹೋದರೆ ಆ ದಿನದ ಸಂಬಳ ಹೋಯಿತು. ಒಂದು ವರ್ಷ ಅಜ್ಜಯ್ಯ ಮತ್ತು ಕೋಟೇಶ್ವರ ಕಡೆಯ ಕೆಲವರು ಮೇಸ್ತ್ರಿಯ ಹತ್ತಿರ ಹೋಗಿ, ಹಬ್ಬದ ದಿನ ಬಿಡಿ, ಅದರ ಬದಲು ಮುಂದಿನ ಭಾನುವಾರ ಬರುತ್ತೇವೆ ಎಂದು ಕೇಳಿದರಂತೆ. ಮೇಸ್ತ್ರಿ ಒಪ್ಪಿದ. ಈ ಕಥೆಯನ್ನು ಅಜ್ಜಿ ಹೇಳಿದಾಗ ನನಗೆ ಒಂದು ಅನುಮಾನ ಬಂತು. ಭಾನುವಾರ ಕಾರ್ಖಾನೆ ಮುಚ್ಚಿರುತ್ತದಲ್ಲ, ಅವರು ಬಂದು ಮಾಡುವುದಾದರೂ ಏನು?

ಅಜ್ಜಿ ನಕ್ಕು ಹೇಳಿದಳು: "ಬೆಂಕಿಗೆ ಐತಾರ ಇತ್ತಾ ಮಗಾ?"

ನಮ್ಮ ಕಡೆಯ ಮಾತಿನಲ್ಲಿ 'ಇತ್ತ್' ಅಂದರೆ 'ಇದೆ'. ಭಟ್ಟಿಗೆ ಒಮ್ಮೆ ಬೆಂಕಿ ಕೊಟ್ಟರೆ ಹೆಂಚು ಬೇಯುವವರೆಗೆ ದಿನಗಟ್ಟಲೆ ಹಗಲೂ ರಾತ್ರಿಯೂ ಕಟ್ಟಿಗೆ ಹಾಕುತ್ತಲೇ ಇರಬೇಕು. ಶಾಖ ಇಳಿದರೆ ಹೆಂಚು ಸೀಳುತ್ತದೆ. ಮಣ್ಣು ಕಲಸುವವರಿಗೆ, ಅಚ್ಚು ಒತ್ತುವವರಿಗೆ, ಹೊರುವ ಹೆಂಗಸರಿಗೆ ಭಾನುವಾರ ರಜೆ ಇರಬಹುದು. ಭಟ್ಟಿಯ ಬಾಯಿಯಲ್ಲಿ ಯಾರೋ ಒಬ್ಬ ನಿಂತೇ ಇರುತ್ತಾನೆ.

ನನ್ನ ಪಿಎಚ್.ಡಿ.ಯ ವಿಷಯ ಕರಾವಳಿಯ ಹೆಂಚಿನ ಕಾರ್ಖಾನೆಗಳ ಕೆಲಸಗಾರರು. ಈ ಕಾರ್ಖಾನೆಗಳ ಮೂಲ ಹುಡುಕಿಕೊಂಡು ಹೋದರೆ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ತೆರೆದ ಕಾರ್ಖಾನೆಗೆ ಬಂದು ನಿಲ್ಲುತ್ತೇವೆ. ಭಾನುವಾರ ಕೆಲಸ ಮಾಡುವುದು ಪಾಪ ಎಂದು ನಂಬಿದವರು ಅದನ್ನು ನಡೆಸಿದರು. ಹಾಗಾದರೆ ಅವರ ಭಟ್ಟಿಗೆ ಭಾನುವಾರ ಕಟ್ಟಿಗೆ ಹಾಕಿದವರು ಯಾರು? ಕ್ರೈಸ್ತರೋ, ಅಲ್ಲದವರೋ? ಅವರಿಗೆ ಬದಲಿ ರಜೆ ಇತ್ತೋ? ಅಜ್ಜಿಯ ಒಂದು ಮಾತು ನನ್ನ ಮೂರನೆಯ ಅಧ್ಯಾಯದ ಪ್ರಶ್ನೆಯಾಯಿತು. ಉತ್ತರ ಇದ್ದರೆ ಈ ಕಟ್ಟಡದ ಕಾಗದಗಳಲ್ಲಿ ಇರಬೇಕು. ಕಟ್ಟಡಕ್ಕೇ ರಜೆ.

ಹಾಗಾಗಿ ಊರು ಸುತ್ತಿದೆ.

ಯುರೋಪಿನ ಊರೊಂದು ರಜೆಯ ದಿನ ಎಷ್ಟು ಮೌನವಾಗಿರುತ್ತದೆ ಎಂಬುದನ್ನು ಬರೆದು ತಿಳಿಸುವುದು ಕಷ್ಟ. ಹಸಿರು ಬಣ್ಣದ ಟ್ರಾಮುಗಳು ಓಡುತ್ತಿದ್ದವು, ಒಳಗೆ ಮೂರೋ ನಾಲ್ಕೋ ಜನ. ಅಂಗಡಿಗಳ ಗಾಜಿನೊಳಗೆ ಚಾಕಲೇಟಿನ ಮೊಲಗಳು ಸಾಲಾಗಿ ಕೂತಿದ್ದವು, ಹೊರಗೆ ಕೊಳ್ಳುವವರಿಲ್ಲ. ರೈಲು ನಿಲ್ದಾಣದ ಒಳಗಿನ ಅಂಗಡಿಗಳು ಮಾತ್ರ ತೆರೆದಿರುತ್ತವೆ. ಪ್ರಯಾಣಿಕರಿಗೆಂದು ಕಾನೂನು ಕೊಟ್ಟ ಆ ವಿನಾಯಿತಿಯನ್ನು ಊರಿಗೆ ಊರೇ ಬಳಸಿಕೊಳ್ಳುತ್ತದೆ. ಹಾಲು ಮುಗಿದವರು, ಬ್ರೆಡ್ ಮರೆತವರು ಎಲ್ಲರೂ ಅಲ್ಲಿ ಸಾಲು ನಿಂತಿದ್ದರು. ಒಂದು ಫ್ರಾಂಕ್ ಎಂದರೆ ನೂರು ರೂಪಾಯಿಗೂ ಮೇಲೆ, ನಾನು ಬ್ರೆಡ್ಡಿನ ಬೆಲೆಯನ್ನು ರೂಪಾಯಿಗೆ ಗುಣಿಸುತ್ತ ನಿಂತಿದ್ದಾಗ ಕೌಂಟರಿನಲ್ಲಿದ್ದವರು ಇಂಗ್ಲಿಷಿನಲ್ಲಿ "ಇಂಡಿಯಾನಾ?" ಎಂದು ಕೇಳಿದರು.

ಅವರು ಶ್ರೀಲಂಕಾದ ತಮಿಳರು. 1983ರ ನಂತರದ ಯುದ್ಧದ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿಗೆ ಬಂದು ನೆಲೆಸಿದ ಹತ್ತಾರು ಸಾವಿರ ಜನರಲ್ಲಿ ಒಬ್ಬರು. ಮಂಗಳೂರಿನ ಕಡೆ ಅಂದೆ. ಸಾಲು ಕರಗಿದ ಮೇಲೆ ಅರ್ಧ ಇಂಗ್ಲಿಷು, ಕಾಲು ತಮಿಳಿನಲ್ಲಿ ಮಾತಾಡಿದೆವು. ಏಪ್ರಿಲ್ 14ಕ್ಕೆ ಅವರಿಗೆ ಹೊಸ ವರ್ಷ, ನಮಗೂ ಅವತ್ತೇ ಸೌರಮಾನ ಯುಗಾದಿ. ನಾನು ಊರಿನಲ್ಲಿ ಹಬ್ಬ ಮುಗಿಸಿ ವಿಮಾನ ಹತ್ತಿದ್ದೆ. ಅವರು ಸೋಮವಾರ ಎಂಟು ಗಂಟೆ ಡ್ಯೂಟಿ ಮುಗಿಸಿ ರಾತ್ರಿ ಪಾಯಸ ತಿಂದಿದ್ದರು. ಗುಡ್ ಫ್ರೈಡೇ ದಿನವೂ ಡ್ಯೂಟಿ. "ರಜೆಯ ದಿನಕ್ಕೆ ಸಂಬಳ ಸ್ವಲ್ಪ ಹೆಚ್ಚು, ಮತ್ತೆ ಇಲ್ಲಿಯವರು ಮನೆಯಲ್ಲಿರಲು ಇಷ್ಟಪಡುತ್ತಾರೆ, ನಮಗೆ ಯಾವ ದಿನವಾದರೇನು" ಅಂದರು. ದೂರುವ ದನಿಯೇನಲ್ಲ. ಆದರೆ ಬ್ರೆಡ್ ಹಿಡಿದು ಹೊರಗೆ ಬರುವಾಗ ನನಗೆ ಅಜ್ಜಿಯ ಮಾತು ನೆನಪಾಯಿತು. ಊರಿನ ಬಾಗಿಲೆಲ್ಲ ಮುಚ್ಚಿದ ದಿನವೂ ಉರಿಯುತ್ತಿರುವ ಭಟ್ಟಿ ಇದು, ಇದರ ಬಾಯಿಯಲ್ಲಿ ಇವರು ನಿಂತಿದ್ದಾರೆ.

ಇನ್ನು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬಾಸೆಲ್ ಮಿಷನ್ ಸ್ಥಾಪನೆಯಾದದ್ದು 1815ರಲ್ಲಿ. ಕನ್ನಡ ಓದುಗರಿಗೆ ಅದು ಮುಖ್ಯವಾಗಿ ಅಕ್ಷರದ ಹೆಸರು: ಮೊಗ್ಲಿಂಗ್, 1843ರ 'ಮಂಗಳೂರ ಸಮಾಚಾರ', ಕಿಟೆಲ್, 1894ರ ನಿಘಂಟು. ಇದು ಸರಿಯೇ. ಆದರೆ ಬಾಸೆಲ್ ಊರಿಗೆ ಬಂದು ನೋಡಿದರೆ ಇನ್ನೊಂದು ಮುಖ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇದು ರೇಷ್ಮೆ ಪಟ್ಟಿ ನೇಯುವ ಊರಾಗಿತ್ತು. ಯುರೋಪಿನ ಹೆಂಗಸರ ಟೋಪಿಗೆ, ಲಂಗದ ಅಂಚಿಗೆ ಬೇಕಾದ ರಿಬ್ಬನ್ ಇಲ್ಲಿ ತಯಾರಾಗುತ್ತಿತ್ತು. ಆ ಕಾರ್ಖಾನೆಗಳ ಒಡೆಯರಾದ ಕೆಲವು ಹಳೆಯ ಮನೆತನಗಳೇ ಮಿಷನ್ನಿನ ಬೆನ್ನೆಲುಬು. ಅಂಥವರಲ್ಲಿ ಕಾರ್ಲ್ ಸರಾಸಿನ್ ಒಬ್ಬರು. 1855ರಲ್ಲಿ ಅವರು 'ಅರ್ಧ ಬಾಟ್ಸೆನ್ ವಂತಿಗೆ' ಎಂಬ ಏರ್ಪಾಡು ಶುರುಮಾಡಿದರು. ಬಾಟ್ಸೆನ್ ಅಲ್ಲಿಯ ಹಳೆಯ ಚಿಲ್ಲರೆ ನಾಣ್ಯ. ವಾರಕ್ಕೆ ಅದರ ಅರ್ಧದಷ್ಟು ಕೊಟ್ಟರೆ ಸಾಕು. ಮನೆಮನೆಗೆ ಹೋಗಿ ಸಂಗ್ರಹಿಸುವವರ ಜಾಲವೇ ಬೆಳೆಯಿತು. ಮನೆಗೆಲಸದವರೂ, ಹೊಲಿಯುವವರೂ, ರೈತರೂ ಕೊಟ್ಟ ಚಿಲ್ಲರೆ ಕಾಸು ಮಂಗಳೂರಿನವರೆಗೆ ಹರಿಯಿತು. ಕೋಟಿತೀರ್ಥದ ಸುತ್ತ ಒಬ್ಬೊಬ್ಬರು ಹಾಕುವ ಒಂದೊಂದು ಹಿಡಿ ಅಕ್ಕಿಯ ಹಾಗೆ ಎಂದು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಗೈಡ್ ಇದನ್ನು ಖಂಡಿತ ಹೊಡೆದುಹಾಕುತ್ತಾರೆ.

1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆಯಿತು. ಮರುವರ್ಷ ಅಕ್ಟೋಬರಿನಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಮತಾಂತರವಾದವರನ್ನು ಮನೆಯವರೂ ಜಾತಿಯವರೂ ಹೊರಗಿಟ್ಟರು. ಗೇಣಿಯ ಭೂಮಿ, ಮೂರ್ತೆ, ಮಗ್ಗ ಎಲ್ಲವೂ ಜಾತಿಗೆ ಅಂಟಿಕೊಂಡಿದ್ದ ಊರಿನಲ್ಲಿ ಜಾತಿ ಹೋದರೆ ಅನ್ನವೂ ಹೋಯಿತು. ಅವರಿಗೆ ಕೆಲಸ ಕೊಡಬೇಕಾಗಿ ಮಿಷನ್ ಒಂದಾದ ಮೇಲೊಂದು ಕಸುಬಿಗೆ ಕೈಹಾಕಿತು. ಬಡಗಿ ಕೆಲಸ, ಪುಸ್ತಕ ಕಟ್ಟುವುದು, ಗಡಿಯಾರದ ಕೆಲಸ ಕೂಡ. ಗಡಿಯಾರ ನಡೆಯಲಿಲ್ಲ. 1851ರಲ್ಲಿ ಬಂದ ಹಾಲರ್ ಎಂಬಾತ ನೇಯ್ಗೆ ಬೆಳೆಸಿದ. 1859ರಲ್ಲಿ ಬಾಸೆಲ್‌ನಲ್ಲಿ ಮಿಷನ್ನಿನ ವ್ಯಾಪಾರ ಕಂಪನಿಯೇ ಹುಟ್ಟಿತು. 1865ರಲ್ಲಿ ಪ್ಲೆಬ್ಸ್ಟ್ ನೇತ್ರಾವತಿಯ ಆವೆಮಣ್ಣಿನಿಂದ ಹೆಂಚು ಮಾಡಿದ. ಆಮೇಲೆ ಕಲ್ಲಿಕೋಟೆ, ಕುದ್ರೋಳಿ, 1886ರಲ್ಲಿ ನಮಗೆ ಹತ್ತಿರದ ಮಲ್ಪೆ. ಮಿಷನ್ನಿನದನ್ನು ನೋಡಿ 1868ರಲ್ಲೇ ಮಂಗಳೂರಿನ ಆಲ್ಬುಕರ್ಕ್ ಮನೆತನ ತನ್ನದೇ ಕಾರ್ಖಾನೆ ತೆರೆಯಿತು. ಹೀಗೆ ಒಬ್ಬರನ್ನು ನೋಡಿ ಒಬ್ಬರು ಮಾಡುತ್ತ, ಹೊಳೆಯಿಂದ ಹೊಳೆಗೆ ದಾಟುತ್ತ, ಹೆಂಚಿನ ಕಾರ್ಖಾನೆ ಗಂಗೊಳ್ಳಿ, ಕುಂದಾಪುರದ ದಂಡೆಗೂ ಬಂತು. ಅಚ್ಚಿನ ಜೊತೆಗೆ ಭಾನುವಾರವೂ ಬಂತು.

ಶನಿವಾರ ಊರು ಸಂಜೆಯವರೆಗೆ ಬಾಗಿಲು ತೆರೆಯಿತು, ಎಲ್ಲರೂ ಕೈಚೀಲ ಹಿಡಿದು ಓಡಾಡುತ್ತಿದ್ದರು. ನಾನು ಮ್ಯೂನ್ಸ್ಟರ್ ಎಂಬ ದೊಡ್ಡ ಇಗರ್ಜಿಯ ಹಿಂದಿನ ಕಟ್ಟೆಯಲ್ಲಿ ನಿಂತು ಛಾವಣಿಗಳನ್ನು ನೋಡಿದೆ. ಹೆಂಚಿನ ಬಗ್ಗೆ ಸಂಶೋಧನೆ ಮಾಡುವವರಿಗೆ ಈ ಚಟ ಬಿಡುವುದಿಲ್ಲ. ಮಂಗಳೂರು ಹೆಂಚಿನ ತವರಲ್ಲವೆ, ಎಲ್ಲ ಕಡೆ ಅದೇ ಇರುತ್ತದೆ ಎಂದುಕೊಂಡಿದ್ದೆ. ಕಣ್ಣಿಗೆ ಬಿದ್ದ ಹಳೆಯ ಮನೆಗಳ ಮೇಲೆಲ್ಲ ಚಪ್ಪಟೆಯಾದ, ತುದಿ ದುಂಡಗಿನ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಕೂರುವ ಹೆಂಚು. ಒಂದಕ್ಕೊಂದು ಕೊಂಡಿ ಬೀಳುವ ಹೆಂಚಿಗೆ 1841ರಲ್ಲಿ ಪೇಟೆಂಟ್ ಪಡೆದವರು ಜಿಲಾರ್ಡೋನಿ ಸೋದರರು. ಅವರ ಊರು ಆಲ್ಟ್‌ಕಿರ್ಶ್ ಇಲ್ಲಿಂದ ಗಡಿಯಾಚೆ ಫ್ರಾನ್ಸಿನ ಅಲ್ಸಾಸಿನಲ್ಲಿ, ಕೋಟೇಶ್ವರದಿಂದ ಉಡುಪಿಗೆ ಇರುವಷ್ಟೇ ದೂರ. ನಮ್ಮ ಮನೆಯ ಮಾಡಿನ ಹೆಂಚು ಆ ಜಾತಿಯದು. ಬಾಸೆಲ್‌ನ ಹಳೆಯ ಮನೆಗಳ ಹೆಂಚಿಗೂ ನಮ್ಮ ಮಾಡಿಗೂ ಸಂಬಂಧವೇ ಇಲ್ಲ. ಊರವರು ಮನೆಯಲ್ಲಿ ಬಳಸದ್ದನ್ನು ಹೊರಗೆ ಕಳಿಸಿದ್ದಾರೆ.

ಆದರೆ ಕಾಲ? ಅದನ್ನು ಇವರು ತಮ್ಮ ಮನೆಯಲ್ಲಿ ಬಳಸಿಯೇ ಕಳಿಸಿದರು. ಬಾಸೆಲ್‌ಗೆ ಕಾಲದ ವಿಷಯದಲ್ಲಿ ಒಂದು ಹಳೆಯ ಹಟವಿದೆ. 1798ರವರೆಗೆ ಈ ಊರಿನ ಗಡಿಯಾರಗಳು ಸುತ್ತಲಿನ ಊರುಗಳಿಗಿಂತ ಒಂದು ಗಂಟೆ ಮುಂದೆ ಓಡುತ್ತಿದ್ದವು. ಬೇರೆ ಕಡೆ ಹನ್ನೊಂದಾದರೆ ಇಲ್ಲಿ ಹನ್ನೆರಡು. ಇನ್ನು ಭಾನುವಾರದ ಕಾನೂನು. 1877ರಲ್ಲಿ ಸ್ವಿಟ್ಜರ್ಲೆಂಡ್ ಫ್ಯಾಕ್ಟರಿ ಕಾಯ್ದೆಯನ್ನು ಜನಮತಕ್ಕೆ ಹಾಕಿ, ಸಣ್ಣ ಅಂತರದಲ್ಲಿ ಗೆಲ್ಲಿಸಿತು. ದಿನಕ್ಕೆ ಹನ್ನೊಂದು ಗಂಟೆಯ ಕೆಲಸ, ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕಾರ್ಖಾನೆಯ ಕೆಲಸವಿಲ್ಲ, ಭಾನುವಾರ ಕೆಲಸವಿಲ್ಲ. ನಿಲ್ಲಿಸಲಾಗದ ಉದ್ಯಮಗಳಿಗೆ ಮಾತ್ರ ವಿನಾಯಿತಿ. ಆ ವಿನಾಯಿತಿಯ ಸಾಲನ್ನು ಓದಿದಾಗಲೇ ನನಗೆ ಭಟ್ಟಿಯ ಹೊಗೆ ವಾಸನೆ ಬಂದಿತ್ತು.

ನಮ್ಮಲ್ಲಿ ಭಾನುವಾರ ಬಂದ ದಾರಿ ಇದೊಂದೇ ಅಲ್ಲ. ಮುಂಬೈಯ ಗಿರಣಿಗಳಲ್ಲಿ ಜೋತಿರಾವ್ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ 1884ರಲ್ಲಿ ಐದೂವರೆ ಸಾವಿರ ಕೆಲಸಗಾರರ ಸಹಿ ಹಾಕಿಸಿ ವಾರಕ್ಕೊಂದು ರಜೆ ಕೇಳಿದರು. ಭಾನುವಾರ ಖಂಡೋಬನ ವಾರ, ನಮ್ಮ ದೇವರ ದಿನ ಎಂದೂ ವಾದಿಸಿದರು. ಇದು ನನಗೆ ಬಹಳ ಇಷ್ಟವಾದ ವಾದ. ಸಾಹೇಬರ ಪ್ರಾರ್ಥನೆಯ ದಿನವನ್ನೇ ಹಿಡಿದು, ಅದರೊಳಗೆ ತಮ್ಮ ದೇವರನ್ನು ಕೂರಿಸಿಬಿಟ್ಟರು. 1890ರ ಜೂನ್ 10ರಂದು ಮುಂಬೈಯ ಗಿರಣಿ ಮಾಲೀಕರು ಒಪ್ಪಿದರು. 1881ರ ಫ್ಯಾಕ್ಟರಿ ಕಾಯ್ದೆ ಮಕ್ಕಳಿಗೆ ಮಾತ್ರ ತಿಂಗಳಿಗೆ ನಾಲ್ಕು ರಜೆ ಕೊಟ್ಟಿತ್ತು. 1891ರ ಕಾಯ್ದೆ ವಾರದ ರಜೆಯನ್ನು ದೊಡ್ಡವರಿಗೂ ತಂದಿತು.

ಮುಂಬೈಯಲ್ಲಿ ಭಾನುವಾರವನ್ನು ಕೇಳಿ ಪಡೆದರು. ಮಂಗಳೂರಿನ ಮಿಷನ್ ಕಾರ್ಖಾನೆಯಲ್ಲಿ ಅದು ಮೊದಲೇ ಇತ್ತು, ಯಾರೂ ಕೇಳದೆ, ಪ್ರಾರ್ಥನೆಯ ಜೊತೆ ಸೇರಿ ಬಂದಿತ್ತು. ಎರಡೂ ಒಂದೇ ವಾರ, ಎರಡೂ ಒಂದೇ ರಜೆ. ಆದರೂ ಕೆಲಸಗಾರನ ಪಾಲಿಗೆ ಅವು ಬೇರೆ ಬೇರೆ ಎಂದು ನನ್ನ ವಾದ. ಕೊಟ್ಟ ರಜೆಯನ್ನು ಹೇಗೆ ಕಳೆಯಬೇಕೆಂದು ಕೊಟ್ಟವನು ಹೇಳುತ್ತಾನೆ. ಇಗರ್ಜಿಗೆ ಹೋಗು, ಸೇಂದಿ ಅಂಗಡಿಗೆ ಹೋಗಬೇಡ, ತೇರಿಗೆ ಹೋಗಬೇಡ.

ತೇರಿನ ವಿಷಯದಲ್ಲಿ ಮಿಷನರಿಗಳ ಪಾಡು ಸ್ವಲ್ಪ ತಮಾಷೆಯದು. ಜಾತ್ರೆಗಳು ನಿಲ್ಲಬೇಕೆಂದು ಅವರ ಆಸೆ. ಆದರೆ ಒಂದೇ ಕಡೆ ಅಷ್ಟು ಜನ ಕೇಳುವವರು ಸಿಗುವುದು ಜಾತ್ರೆಯಲ್ಲೇ. ಮಂಗಳೂರಿನಿಂದ ಕಣ್ಣೂರಿಗೆ ಹೋದ ಹೆಬಿಕ್ ತನ್ನ ಉದ್ದನೆಯ ಗಡ್ಡದೊಂದಿಗೆ ತಳಿಪರಂಬ, ಪಯ್ಯಾವೂರಿನ ಜಾತ್ರೆಗಳಿಗೆ ಹೋಗಿ ನಿಂತು ಬೋಧಿಸುತ್ತಿದ್ದ, ಏಟೂ ತಿನ್ನುತ್ತಿದ್ದ. ಅಂದರೆ ಅವರ ಪಂಚಾಂಗದೊಳಗೂ ನಮ್ಮ ಹುಣ್ಣಿಮೆಗಳು ನುಸುಳಿದ್ದವು.

ಹಾಗೆಂದು ಭಾನುವಾರ ಬರುವ ಮೊದಲು ನಮ್ಮವರು ಬಿಡುವಿಲ್ಲದೆ ದುಡಿಯುತ್ತಿದ್ದರು ಎಂದೇನಲ್ಲ. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ. ತುಳುನಾಡಿನಲ್ಲಿ ಕೆಡ್ಡಸದ ಮೂರು ದಿನ ಭೂಮಿಗೆ ಹಾರೆ ತಾಗಿಸುವುದಿಲ್ಲ. ಘಟ್ಟದ ಮೇಲೆ ಎಷ್ಟೋ ಊರುಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ವಾರದ ರಜೆ ಇತ್ತು, ಉಳುವ ಆಳಿಗೆ ಇತ್ತೋ ಎಂಬುದು ಬೇರೆ ಮಾತು. ಕ್ಷೌರದ ಅಂಗಡಿ ಈಗಲೂ ಮಂಗಳವಾರ ಮುಚ್ಚಿರುತ್ತದೆ. ಆದರೆ ಊರಿಗೆ ಊರೇ ಒಟ್ಟಿಗೆ ವಾರವನ್ನು ಗುರುತಿಸುತ್ತಿದ್ದದ್ದು ಸಂತೆಯಿಂದ. ಅಂದರೆ ಬಾಗಿಲು ತೆರೆಯುವ ದಿನದಿಂದ. ಬಾಗಿಲು ಮುಚ್ಚುವ ದಿನದಿಂದ ವಾರವನ್ನು ಎಣಿಸುವುದು ಕಾರ್ಖಾನೆ, ಕಚೇರಿ, ಶಾಲೆಗಳು ಕಲಿಸಿದ ಲೆಕ್ಕ. 'ರಜೆ' ಎಂಬ ಪದವೇ ನಮ್ಮದಲ್ಲ, ಅರಬ್ಬಿಯ 'ರಜಾ'. ಮೂಲದಲ್ಲಿ ಒಪ್ಪಿಗೆ, ಅನುಮತಿ ಎಂದು ಅರ್ಥ. ಹಬ್ಬಕ್ಕೆ ಯಾರ ಅನುಮತಿಯೂ ಬೇಡ, ಹುಣ್ಣಿಮೆ ಬಂದರೆ ಸಾಕು. ರಜೆಗೆ ಮೇಲಿನವನೊಬ್ಬ ಬೇಕು.

ಈಸ್ಟರ್ ಭಾನುವಾರ ಬೆಳಿಗ್ಗೆ ಊರಿನ ಎಲ್ಲ ಗಂಟೆಗಳೂ ಒಟ್ಟಿಗೆ ಬಾರಿಸಿದವು. ಎರಡು ದಿನದ ಮೌನದ ನಂತರ ಅದು ನಮ್ಮ ಚೆಂಡೆಗಿಂತ ಕಡಿಮೆಯೇನೂ ಇರಲಿಲ್ಲ. ನಾನಿದ್ದ ಹಾಸ್ಟೆಲಿನ ಊಟದ ಮನೆಯಲ್ಲಿ ಬಣ್ಣ ಹಾಕಿದ ಬೇಯಿಸಿದ ಮೊಟ್ಟೆಗಳನ್ನು ಬುಟ್ಟಿಯಲ್ಲಿ ಇಟ್ಟಿದ್ದರು. ಒಬ್ಬ ಮುದುಕರು ನನ್ನ ಕೈಗೊಂದು ಕೊಟ್ಟು, ತಮ್ಮದನ್ನು ಮುಷ್ಟಿಯಲ್ಲಿ ಹಿಡಿದು, ತುದಿಯಿಂದ ನನ್ನ ಮೊಟ್ಟೆಯ ತುದಿಗೆ ಕುಟ್ಟಿದರು. ಯಾರದು ಒಡೆಯುತ್ತದೋ ಅವರು ಸೋತರು. ತುಳುನಾಡಿನವರು ತೆಂಗಿನಕಾಯಿಯಲ್ಲಿ ಆಡುವ ತಾರಾಯಿ ಕುಟ್ಟುವ ಆಟವೇ ಇದು. ಮೂರು ಮೊಟ್ಟೆ ಸೋತೆ, ನಾಲ್ಕನೆಯದರಲ್ಲಿ ಗೆದ್ದೆ. ಈಸ್ಟರ್ ಪ್ರತಿ ವರ್ಷ ಬೇರೆ ತಾರೀಕಿಗೆ ಯಾಕೆ ಬರುತ್ತದೆ ಎಂದು ಅವರನ್ನು ಕೇಳಿದೆ. ಮಾರ್ಚ್ 21ರ ಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಎಂದರು. ಈ ಸಲ ಹುಣ್ಣಿಮೆಯೇ ಭಾನುವಾರ ಬಿದ್ದದ್ದರಿಂದ ಒಂದು ವಾರ ಮುಂದಕ್ಕೆ ಹೋಯಿತಂತೆ. ನಾವು ಹುಣ್ಣಿಮೆಗೆ ನಿಲ್ಲುತ್ತೇವೆ, ಇವರು ಹುಣ್ಣಿಮೆ ನೋಡಿ ಭಾನುವಾರದವರೆಗೆ ಕಾಯುತ್ತಾರೆ.

ಆಗ ನೆನಪಾಯಿತು, ಕಳೆದ ಡಿಸೆಂಬರ್ 15ರ ಹುಣ್ಣಿಮೆಯೂ ಭಾನುವಾರವೇ. ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಅದನ್ನು ಕ್ಯಾಲೆಂಡರಿನಲ್ಲಿ ನೋಡಿ, "ಥೋ, ಐತಾರವೇ ಬಿತ್ತಲ್ಲ, ಒಂದ್ ರಜೆ ಹಾಳಾಯ್ತ್" ಎಂದು ವಾಟ್ಸಾಪಿನಲ್ಲಿ ಹಾಕಿದ್ದ. ಅಜ್ಜಯ್ಯನಾಗಿದ್ದರೆ ಸಂಬಳ ಉಳಿಯಿತೆಂದು ಖುಷಿಪಡುತ್ತಿದ್ದರು. ಮೊಮ್ಮಗನಿಗೆ ಅದೇ ನಷ್ಟ. ಎರಡು ತಲೆಮಾರಿನಲ್ಲಿ ನಮ್ಮ ಮನೆಯೊಳಗೆ ನಡೆದ ಬದಲಾವಣೆಯನ್ನು ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಬರುವುದಿಲ್ಲ.

ಸೋಮವಾರ ಬೆಳಿಗ್ಗೆ ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಬಂತು. ಹಾಸ್ಟೆಲಿನವರು ಅದನ್ನೇ ಮಾತಾಡುತ್ತಿದ್ದರು. ನಾನು ರೈನ್ ನದಿಯ ದಂಡೆಗೆ ಹೋದೆ. ಅಲ್ಲಿ ಮೋಟಾರಿಲ್ಲದ ದೋಣಿಗಳಿವೆ. ನದಿಗೆ ಅಡ್ಡವಾಗಿ ಮೇಲೊಂದು ತಂತಿ, ಅದಕ್ಕೆ ಹಗ್ಗದಿಂದ ಕಟ್ಟಿದ ದೋಣಿ. ಚುಕ್ಕಾಣಿಯನ್ನು ಓರೆ ಹಿಡಿದರೆ ನೀರಿನ ಸೆಳವೇ ದೋಣಿಯನ್ನು ಆಚೆ ದಂಡೆಗೆ ದೂಡುತ್ತದೆ. ಗಂಗೊಳ್ಳಿಯ ಕಡವಿನಲ್ಲಿ ಸೆಳವಿನ ವಿರುದ್ಧ ಹುಟ್ಟು ಹಾಕುವುದನ್ನು ಕೇಳಿ ಬೆಳೆದವರಿಗೆ ಇದು ಜಾದೂವಿನಂತೆ ಕಾಣುತ್ತದೆ. ರಜೆಯ ದಿನವೂ ದೋಣಿ ನಡೆಯುತ್ತಿತ್ತು. ಅಂಬಿಗ ಕೆಲಸ ಮಾಡುತ್ತಿದ್ದ. ನಾನು ನಾಲ್ಕು ದಿನದಿಂದ ರಜೆಯ ದಿನ ಕೆಲಸ ಮಾಡುವವರನ್ನೇ ಎಣಿಸುತ್ತಿದ್ದೆ: ಟ್ರಾಮ್ ಓಡಿಸುವ ಹೆಂಗಸು, ನಿಲ್ದಾಣದ ಅಂಗಡಿಯ ತಮಿಳರು, ಹಾಸ್ಟೆಲಿನ ನೆಲ ಒರೆಸುವ ಹುಡುಗಿ, ಆಸ್ಪತ್ರೆಯ ಬಾಗಿಲಲ್ಲಿ ಸಿಗರೇಟು ಸೇದುತ್ತ ನಿಂತಿದ್ದ ನರ್ಸ್, ಗಂಟೆ ಬಾರಿಸಿದವರು, ಪಾದ್ರಿ ಕೂಡ. ಮುಚ್ಚಿದ ಊರು ಎಂದು ನಾನು ಅಮ್ಮನಿಗೆ ಹೇಳಿದ್ದು ಸುಳ್ಳಾಗಿತ್ತು.

ಮಂಗಳವಾರ ಬಾಗಿಲು ತೆರೆಯಿತು. ಪತ್ರಾಗಾರದವರು ಬಹಳ ಸೌಜನ್ಯದವರು. ಯಾವ ವಿಷಯ ಹುಡುಕುತ್ತಿದ್ದೀರಿ ಎಂದು ಕೇಳಿದರು. ಮಂಗಳೂರಿನ ಹೆಂಚಿನ ಕಾರ್ಖಾನೆ ಎಂದೆ. ಅದರಲ್ಲಿ? ಭಾನುವಾರ ಎಂದೆ. ಅವರು ಕನ್ನಡಕ ತೆಗೆದು ಮತ್ತೊಮ್ಮೆ ಕೇಳಿದರು. ಭಾನುವಾರ ಭಟ್ಟಿಗೆ ಕಟ್ಟಿಗೆ ಹಾಕಿದವರು ಯಾರು ಎಂದು ತಿಳಿಯಬೇಕಿತ್ತು ಎಂದು ವಿವರಿಸಿದೆ. ಹೋಗಿ ಮೂರು ಪೆಟ್ಟಿಗೆ ತಂದರು.

ಈ ಸಂಸ್ಥೆಯ ಹಳೆಯ ಫೋಟೋಗಳಲ್ಲಿ ಸಾವಿರಾರು ಈಗ ಅಂತರ್ಜಾಲದಲ್ಲಿವೆ, ಕೋಟೇಶ್ವರದಲ್ಲಿ ಕೂತು ಮೊಬೈಲಿನಲ್ಲೇ ನೋಡಬಹುದು. ಕಾರ್ಖಾನೆಯ ಕೆಲಸಗಾರರು ಸಾಲಾಗಿ ನಿಂತ ಚಿತ್ರಗಳು ನನಗೆ ಬಾಯಿಪಾಠ. ಆದರೆ ಕ್ಯಾಮೆರಾದವನು ಭಾನುವಾರ ಭಟ್ಟಿಯ ಹತ್ತಿರ ಹೋಗಿರುವುದಿಲ್ಲ, ಅವನಿಗೂ ರಜೆ. ಕಾಗದ ಓದಲೇಬೇಕು. ಕಾಗದಗಳೋ ಕುರೆಂಟ್ ಎಂಬ ಹಳೆಯ ಜರ್ಮನ್ ಕೈಬರಹದಲ್ಲಿವೆ. ಅದರಲ್ಲಿ 'ಇ' ಅಕ್ಷರ 'ಎನ್' ಹಾಗೆ ಕಾಣುತ್ತದೆ, ಸಾಲಿಗೆ ಸಾಲೇ ಗರಗಸದ ಹಲ್ಲಿನಂತೆ ಓಡುತ್ತದೆ. ಎರಡು ವರ್ಷ ಕಲಿತ ನನ್ನ ಜರ್ಮನ್ ಅದರ ಮುಂದೆ ಒಂದನೆಯ ಕ್ಲಾಸಿನದು.

ಪೆನ್ಸಿಲ್ ಚೂಪು ಮಾಡಿಕೊಂಡು ಕೂತೆ. ಮೊದಲ ಪುಟದಲ್ಲಿ ಮುಕ್ಕಾಲು ಗಂಟೆ ಹೋಯಿತು. ಎರಡನೆಯ ಪುಟದ ನಡುವೆ ಒಂದು ಪದ ತಾನಾಗಿ ಬಿಡಿಸಿಕೊಂಡಿತು: ಜೋನ್‌ಟಾಗ್. ಭಾನುವಾರ. ಅದರ ಮುಂದೆ ಇನ್ನೂ ನಾಲ್ಕು ಪದಗಳಿದ್ದವು. ಒಂದೊಂದೇ ಅಕ್ಷರವನ್ನು ಹಾಳೆಯ ಮೇಲೆ ನಕಲು ಮಾಡಿಕೊಳ್ಳತೊಡಗಿದೆ.